ವಯಸ್ಸು ಕೇಳಿಸ್ತಾ ಇಲ್ಲ

ಹೆಡ್‌ಫೋನಿನ ಮೆತ್ತೆಯಲ್ಲಿ ಯಾರದೋ ತಲೆಯೆಣ್ಣೆ, ಅಗ್ಗದ್ದು, ಕಿವಿಗೆ ಅಂಟಿಕೊಳ್ಳುತ್ತಿದೆ, ನನಗಿಂತ ಮುಂಚೆ ಯಾವನೋ ಇದೇ ಮೈಕಿನ ಮುಂದೆ ನಿಂತು ಬಾಯಿ ಬಡಿದುಕೊಂಡು ಹೋಗಿದ್ದಾನೆ, ಯಾರು, ಇನ್ಯಾರು, ತಾತನೇ ಇರಬೇಕು, ನಿನ್ನೆ ಸಂಜೆಯೇ ಅವನನ್ನು ಕರೆಸಿ ಕೇಳಿ ನೋಡಿರಬೇಕು, ನನಗೆ ಹೇಳಿಲ್ಲ, ಹೇಳುವುದಿಲ್ಲ, ಎಣ್ಣೆ ಹೇಳುತ್ತಿದೆ — ತಾತ ಅಂದರೆ ಮೊನ್ನೆ ಮೂವತ್ತು ದಾಟಿದ ಒಬ್ಬ ಪೋರ, ಕೆನ್ನೆ ತುಂಬ ಮೊಡವೆ ಕಲೆ, ಆದರೆ ಹೊರದೇಶದ ಸಿನಿಮಾಗಳಲ್ಲಿ ಯಾವ ಮುದುಕ ಕೆಮ್ಮಿದರೂ, ಸತ್ತರೂ, ಮೊಮ್ಮಕ್ಕಳಿಗೆ ಬುದ್ಧಿ ಹೇಳಿದರೂ ನಮ್ಮ ಭಾಷೆಯಲ್ಲಿ ಅದಕ್ಕೆ ದನಿ ಅವನದೇ, ಹಾಗಾಗಿ ಊರಿನ ಡಬ್ಬಿಂಗ್ ಸ್ಟುಡಿಯೋಗಳೆಲ್ಲ ಅವನನ್ನು ತಾತಾ ಅನ್ನುತ್ತವೆ, ಅವನೂ ಹಲ್ಲು ಕಿರಿದುಕೊಂಡು ಓ ಅನ್ನುತ್ತಾನೆ, ಮತ್ತು ಅರವತ್ತು ದಾಟಿದ ನನ್ನನ್ನು ಹುಡುಗ ಅನ್ನುತ್ತಾರೆ, ಹುಡುಗ ಬಂದ್ನಾ, ಹುಡುಗನಿಗೆ ಟೀ ಕೊಟ್ರಾ, ಹುಡುಗನ ಗಂಟಲು ಇವತ್ತು ಹೇಗಿದೆ, ಯಾಕೆಂದರೆ ನನ್ನ ದನಿ ಇಪ್ಪತ್ತಾರಕ್ಕೆ ಬಂದು ಕೂತಿದ್ದು ಮೇಲೇಳಲೇ ಇಲ್ಲ. ಮೊಣಕಾಲು ಮುದಿಯಾಯಿತು, ಹಲ್ಲು ಹೋಯಿತು, ಕಣ್ಣಿಗೆ ಪೊರೆ ಬಂದು ತೆಗೆಸಿದ್ದಾಯಿತು, ದನಿಗೆ ಮಾತ್ರ ಏನೂ ಆಗಲಿಲ್ಲ. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ.

ಪರದೆಯ ಮೇಲೆ ಹಳದಿ ಕೋಟು ಬಾಯಿ ತೆರೆದುಕೊಂಡು ನಿಂತಿದ್ದಾನೆ, ಚಿತ್ರ ತಡೆದಿದ್ದಾರೆ, ಅವನ ಗಂಟಲಿನ ಕೆಳಗೆ ಚರ್ಮ ಜೋಲುತ್ತಿದೆ, ಥೂ, ನೀನೂ ಹೀಗಾದೆಯಾ — ಅವನ ನಿಜವಾದ ಹೆಸರನ್ನು ಇಲ್ಲಿ ಯಾರೂ ಹೇಳುವುದಿಲ್ಲ, ಮೊದಲನೇ ಸಿನಿಮಾದಲ್ಲಿ ಹಳದಿ ಕೋಟು ಹಾಕಿಕೊಂಡು ಮಹಡಿಯಿಂದ ಮಹಡಿಗೆ ಜಿಗಿದಿದ್ದ, ಆವತ್ತಿನಿಂದ ಅವನು ಹಳದಿ ಕೋಟು, ಆವತ್ತಿನಿಂದ ಅವನಿಗೆ ದನಿ ನಾನು. ಅವನು ಪ್ರೀತಿ ಮಾಡಿದ್ದು ನನ್ನ ಗಂಟಲಲ್ಲಿ, ಕೊಲೆ ಮಾಡಿದ್ದು, ಕುಡಿದು ಅತ್ತಿದ್ದು, ಹೆಂಡತಿ ಬಿಟ್ಟುಹೋದಾಗ ಕಿಟಕಿಯ ಹತ್ತಿರ ನಿಂತು ಏನೂ ಹೇಳದೆ ಬರೀ ಉಸಿರು ಬಿಟ್ಟಿದ್ದು, ಆ ಉಸಿರೂ ನನ್ನದೇ, ಥಿಯೇಟರಿನಲ್ಲಿ ಜನ ಮೂಗು ಒರೆಸಿಕೊಂಡರು. ಒಂದು ಮುಖಕ್ಕೆ ಕೊಟ್ಟ ದನಿಯನ್ನು ಬದಲಾಯಿಸಬಾರದು ಅಂತ ನಮ್ಮ ಕಸುಬಿನಲ್ಲೊಂದು ನೇಮ, ಮುಖ ಸಾಯಬೇಕು ಇಲ್ಲ ದನಿ ಸಾಯಬೇಕು, ಅಲ್ಲಿಯವರೆಗೆ ಇಬ್ಬರೂ ಗಂಡಹೆಂಡಿರ ಹಾಗೆ ಇರಬೇಕು. ನಾನು ಅವನನ್ನು ಒಂದು ಸಲವೂ ನೋಡಿಲ್ಲ, ಅವನಿಗೆ ನಾನೊಬ್ಬ ಇದ್ದೇನೆಂದೂ ಗೊತ್ತಿರಲಿಕ್ಕಿಲ್ಲ, ಅದಕ್ಕೇನಂತೆ, ಎಷ್ಟೋ ಮದುವೆಗಳು ಹಾಗೇ ನಡೆಯುತ್ತವೆ. ಈಗ ಈ ಬೇವಾರ್ಸಿ ಹೇಳದೆ ಕೇಳದೆ ಮುದುಕನಾಗಿಬಿಟ್ಟಿದ್ದಾನೆ, ಅಲ್ಲಿಯವರು ಮುಖಕ್ಕೆ ಕತ್ತರಿ ಹಾಕಿಸಿಕೊಂಡು ಚರ್ಮ ಎಳೆಸಿಕೊಳ್ಳುತ್ತಾರಂತೆ, ಇವನಿಗೆ ಅದೂ ಆಗಲಿಲ್ಲ, ನನ್ನ ವಯಸ್ಸು ನನ್ನ ಮುಖದ ಮೇಲಿರಲಿ ಅಂತ ಎಲ್ಲೋ ಹೇಳಿಕೊಂಡಿದ್ದಾನೆ, ದೊಡ್ಡ ಮನುಷ್ಯ, ನನ್ನ ಹೊಟ್ಟೆಯ ಮೇಲೆ ಹೊಡೆದ.

ಸಾರ್, ಲಿಪ್ಪು ಹೇಗೋ ಕೂರಿಸ್ಕೋಬಹುದು, ಭಾವನೆನೂ ಇದೆ, ಆದ್ರೆ ವಯಸ್ಸು ಕೇಳಿಸ್ತಾ ಇಲ್ಲ. ಗಾಜಿನ ಆಚೆಯಿಂದ ಡೈರೆಕ್ಟರಮ್ಮ, ನನ್ನ ಮಗಳಾಗಿದ್ದರೆ ಕೊನೇ ಮಗಳಾಗಬಹುದಾದ ಹೆಣ್ಣು, ಹೆಡ್‌ಫೋನಿನಲ್ಲಿ ಅವಳ ದನಿ ಎಷ್ಟು ಹತ್ತಿರ ಕೇಳುತ್ತದೆ ಅಂದರೆ ನನ್ನ ತಲೆಯೊಳಗೇ ಕುರ್ಚಿ ಹಾಕಿಕೊಂಡು ಕೂತಂತೆ. ಮುಖದಲ್ಲಿದೆ ಸಾರ್ ನಿಮ್ಗೆ ವಯಸ್ಸು, ಗಂಟಲಲ್ಲಿ ಇಲ್ಲ. ಗಾಜಿನ ಹಿಂದೆ ಯಾರೋ ನಕ್ಕರು, ಸಂಭಾಷಣೆ ಬರೆಯುವವನೇ ಇರಬೇಕು, ಅವನು ಸೋಫಾದಲ್ಲಿ ಬಿಸ್ಕತ್ತು ತಿನ್ನುತ್ತಾ ಕೂತಿದ್ದಾನೆ. ಬೆಳಗ್ಗೆ ಒಳಗೆ ಬರುವ ಮುಂಚೆಯೇ ಅವಳು ಹೇಳಿದ್ದಳು, ಮೆತ್ತಗೆ, ನನ್ನ ತೋಳು ಮುಟ್ಟಿ ಹೇಳಿದ್ದಳು, ತೋಳು ಮುಟ್ಟಿದಾಗಲೇ ಗೊತ್ತಾಗಬೇಕಿತ್ತು, ಬೇಜಾರ್ ಮಾಡ್ಕೋಬೇಡಿ ಸಾರ್, ಇವತ್ತು ಈ ಬೀಳೋ ಸೀನು ಆಗ್ಲಿಲ್ಲ ಅಂದ್ರೆ ಇಡೀ ಪಿಕ್ಚರು ತಾತನ ಹತ್ರ ಮಾಡಿಸ್ಬೇಕಾಗುತ್ತೆ, ಇನ್ಮೇಲೆ ಅವರು ಮಾಡೋ ಪಾತ್ರ ಎಲ್ಲಾ ಇದೇ ಥರದ್ದು ತಾನೇ. ಇನ್ಮೇಲೆ, ಅಂದರೆ ಇದೊಂದು ಸಿನಿಮಾ ಅಲ್ಲ, ಮುಂದಿನವೆಲ್ಲ, ಅಂದರೆ ಹಳದಿ ಕೋಟು ಇನ್ನು ಸಾಯುವವರೆಗೂ ಆ ಮೊಡವೆಯವನ ಬಾಯಲ್ಲಿ ಮಾತಾಡುತ್ತಾನೆ, ನಾನು ಮನೆಯಲ್ಲಿ ಕೂತು ಟೂತ್‌ಪೇಸ್ಟಿನ ಜಾಹೀರಾತಿಗೆ ಕಾಯಬೇಕು, ಅದೂ ಬಂದರೆ. ಆಗಲಮ್ಮಾ ಎಂದೆ. ನನ್ನ ಆಗಲಮ್ಮಾ ಎಷ್ಟು ಎಳಸಾಗಿ ಕೇಳಿತು ಅಂದರೆ ಅವಳಿಗೆ ನಗು ತಡೆಯಲಾಗಲಿಲ್ಲ.

ಸೀನು ದೊಡ್ಡದೇನಲ್ಲ. ಹಳದಿ ಕೋಟು ಮನೆಯಲ್ಲಿ ಮೆಟ್ಟಿಲಿನ ಬುಡದಲ್ಲಿ ಜಾರಿ ಬೀಳುತ್ತಾನೆ, ಮಹಡಿಯ ಮೇಲೆ ನಲವತ್ತು ವರ್ಷದ ಮಗ ಹಾಡು ಹಾಕಿಕೊಂಡು ಕೂತಿದ್ದಾನೆ, ಇವನು ಬಿದ್ದಲ್ಲಿಂದಲೇ ಕರೆಯಲು ಮೂರು ಸಲ ಬಾಯಿ ತೆರೆಯುತ್ತಾನೆ, ಅಷ್ಟೇ, ಕರೆಯುವುದು ಒಂದೇ ಪದ, ಅವರ ಭಾಷೆಯಲ್ಲಿ ಅದಕ್ಕೆ ಹುಡುಗಾ ಅಂತ ಅರ್ಥವಂತೆ. ಅಲ್ಲಿ ಹಾಗೇ ಅಣ್ಣಾ, ಕಾಲು ಗುಂಡಿಯಲ್ಲಿರೋ ಅಪ್ಪ ಬೊಕ್ಕತಲೆ ಮಗನ್ನ ಹುಡುಗಾ ಅಂತಾನೆ, ಇಪ್ಪತ್ತು ವರ್ಷದ ಗೆಳೆಯರು ಒಬ್ಬರನ್ನೊಬ್ಬರು ಮುದುಕಾ ಅಂತ ತಬ್ಬಿಕೊಳ್ತಾರೆ, ಹಡಗಿನ ಕ್ಯಾಪ್ಟನ್ನಿಗೆ ಮೂವತ್ತಾಗಿದ್ರೂ ಬೆನ್ನ ಹಿಂದೆ ಅವನು ಮುದುಕನೇ, ಎಂದು ಸಂಭಾಷಣೆಯವನು ಬಿಸ್ಕತ್ತಿನ ಪುಡಿ ಉದುರಿಸುತ್ತಾ ಪಾಠ ಮಾಡಿದ್ದ. ನನಗೆ ಹೇಳಿಕೊಡಲು ಬಂದ, ಅವನು ಹುಟ್ಟುವ ಮುಂಚೆಯಿಂದ ನಾನು ಇದನ್ನು ಬಾಯಿಯಲ್ಲಿ ಹಾಕಿ ಅಗಿಯುತ್ತಿದ್ದೇನೆ, ಒಂದು ದೇಶದಲ್ಲಿ ತಲೆ ನರೆತ ಯಾರನ್ನು ಕಂಡರೂ ತಾತಾ ಅನ್ನುತ್ತಾರೆ, ಯಾರಿಗೂ ಮೈ ಉರಿಯುವುದಿಲ್ಲ, ಇನ್ನೊಂದು ಕಡೆ ಹೆಸರು ಗೊತ್ತಿದ್ದರೂ ಬರೀ ಚಿಕ್ಕಪ್ಪಾ, ಮತ್ತೊಂದು ಕಡೆ ಅಂಗಡಿಯ ಹುಡುಗಿ ಎಂಬತ್ತರವನನ್ನು ಏನು ಬೇಕು ಯುವಕರೇ ಅನ್ನುತ್ತಾಳೆ, ಅವನು ಕೋಲು ಊರಿಕೊಂಡು ನಾಚಿಕೊಳ್ಳುತ್ತಾನೆ, ಆ ಸೀನು ಮಾಡುವಾಗ ನಕ್ಕು ನಕ್ಕು ಅರ್ಧ ದಿನ ಹಾಳಾಯಿತು. ನಮ್ಮಲ್ಲಿ ಏನು ಕಡಿಮೆಯೇ, ಮರಿ, ತಮ್ಮ, ಅಣ್ಣ, ಅಂಕಲ್, ಯಜಮಾನ್ರು, ಹಿರೀಕರು, ಒಂದೊಂದೂ ಒಂದೊಂದು ಮೆಟ್ಟಿಲು, ಇಳಿಯುವುದೇ ಹೊರತು ಹತ್ತುವುದಿಲ್ಲ, ಬೀದಿಯಲ್ಲಿ ಹೋಗುವ ಯಾವನೋ ಒಂದು ದಿನ ನಿನ್ನನ್ನು ಕೆಳಗಿನ ಮೆಟ್ಟಿಲಿಗೆ ತಳ್ಳಿ ತನ್ನ ಪಾಡಿಗೆ ತಾನು ಹೋಗುತ್ತಾನೆ. ನನ್ನದು ಇನ್ನೂ ನಗೆಪಾಟಲು, ಫೋನಿನಲ್ಲಿ ಎಲ್ಲರಿಗೂ ನಾನು ಮರಿ, ಮನೇಲಿ ದೊಡ್ಡೋರು ಇದ್ರೆ ಕೊಡಪ್ಪಾ ಮರಿ ಅನ್ನುತ್ತಾರೆ ಬ್ಯಾಂಕಿನವರು, ಬಸ್ಸಿನಲ್ಲಿ ಒಂದು ಹುಡುಗಿ ಎದ್ದು ಕೂತ್ಕೊಳ್ಳಿ ತಾತ ಅಂದಳು, ಪರವಾಗಿಲ್ಲಮ್ಮಾ ನೀನೇ ಕೂತ್ಕೋ ಅಂದೆ, ಅವಳು ಬೆಚ್ಚಿ ನನ್ನ ಹಿಂದೆ ನೋಡಿದಳು, ಮಾತಾಡಿದ ಚೆಲುವ ಯಾರು ಅಂತ. ಹಿಂದೆ ಒಂದು ಸಿಮೆಂಟು ಮೂಟೆಯಷ್ಟು ದಪ್ಪದ ಹೆಂಗಸು ನಿಂತಿದ್ದಳು.

ಇನ್ನೊಂದು ಟೇಕ್ ಸಾರ್. ಕೆಂಪು ದೀಪ. ಹಳದಿ ಕೋಟು ಬೀಳುತ್ತಾನೆ, ಮಗನೇ ಎನ್ನುತ್ತೇನೆ, ಕಾಗದದಲ್ಲಿ ಹಾಗಿದೆ, ಮಗನೇ, ತುಟಿ ಕೂರುವುದಿಲ್ಲ, ಅವನ ತುಟಿ ತೆರೆದುಕೊಂಡು ಶುರುವಾಗುತ್ತದೆ, ನನ್ನದು ಮುಚ್ಚಿಕೊಂಡು. ಮತ್ತೆ. ನಡುಗಿಸಿ ಹೇಳುತ್ತೇನೆ, ನಾಟಕ ಆಗ್ತಿದೆ ಸಾರ್. ನಡುಗಿಸದೆ ಹೇಳುತ್ತೇನೆ, ಈಗ ಕಾಲೇಜ್ ಹುಡುಗ ಬಿದ್ದ ಹಾಗಿದೆ ಸಾರ್. ನಗು. ನಗಲಿ. ಇವರಿಗೇನು ಗೊತ್ತು ಮುದುಕರ ದನಿ, ತಾತನ ಥರ ಮೂಗಿನಲ್ಲಿ ನಡುಗಿಸಿದರೆ ಇವರಿಗೆ ಮುದುಕ, ಆ ನಡುಕವನ್ನು ಅವನು ಸ್ಕೂಲ್‌ಡೇ ನಾಟಕದಲ್ಲಿ ಕಲಿತಿದ್ದು, ಮುದುಕರು ನಡುಗುವುದಿಲ್ಲ, ಮುದುಕರಿಗೆ ಉಸಿರು ಸಾಲುವುದಿಲ್ಲ ಅಷ್ಟೇ, ಪದ ಹೊರಡುವ ಮುಂಚೆ ಒಂದು ಚೂರು ಉಸಿರು ಖರ್ಚಾಗಿಹೋಗುತ್ತದೆ, ಪದದ ಬಾಲವನ್ನು ನುಂಗಿಬಿಡುತ್ತಾರೆ, ಸಿಟ್ಟು ಪೂರ್ತಿ ಬರುತ್ತದೆ ಆದರೆ ಸದ್ದು ಅರ್ಧ ಬರುತ್ತದೆ, ಅದಕ್ಕೇ ಕೇಳುವವರಿಗೆ ಅಳು ಅನ್ನಿಸುತ್ತದೆ. ನನಗೆ ಗೊತ್ತು, ಈ ಪಾತ್ರದ ಸುದ್ದಿ ಬಂದಾಗಿನಿಂದ ವಾರವಿಡೀ ಕಲಿತಿದ್ದೇನೆ. ಊರಿನಲ್ಲಿರುವ ಮುದುಕರ ದನಿಗಳಲ್ಲೆಲ್ಲ ಅಸಲಿ ದನಿ ನನ್ನ ಮನೆಯ ಹಿಂದಿನ ರೂಮಿನಲ್ಲೇ ಮಲಗಿದೆ, ಬಾಡಿಗೆ ಇಲ್ಲ, ಟೀ ಕೊಡಬೇಕಾಗಿಲ್ಲ.

ಅಪ್ಪ. ಈಗ ಮೂಳೆಯ ಮೇಲೆ ಬನಿಯನ್ನು ತೊಡಿಸಿಟ್ಟ ಹಾಗಿದ್ದಾನೆ, ಒಂದು ಕಾಲದಲ್ಲಿ ಸಗಟು ಮಾರ್ಕೆಟ್ಟಿನಲ್ಲಿ ತರಕಾರಿ ಹರಾಜು ಕೂಗುತ್ತಿದ್ದವನು, ಅವನು ಕೂಗಿದರೆ ಆ ತುದಿಯ ಈರುಳ್ಳಿ ಸಾಲಿನವರೂ ತಲೆ ಎತ್ತುತ್ತಿದ್ದರು. ಗಂಡಸಿನ ಬೆಲೆ ಅವನನ್ನ ಏನಂತ ಕರೀತೀವೋ ಅದರಲ್ಲಿದೆ ಕಣ್ರೋ ಅನ್ನುತ್ತಿದ್ದ, ಮೀಸೆ ಚಿಗುರದ ಪೋರ ಬಂದರೆ ಬನ್ನಿ ಸಾಹುಕಾರ್ರೇ, ಅಷ್ಟಕ್ಕೇ ಆ ಪೋರ ಉಬ್ಬಿ ಟೊಮೇಟೊದ ರೇಟು ಏರಿಸುತ್ತಿದ್ದ, ನಿಜವಾದ ಸಾಹುಕಾರ ಮುದುಕ ಜಿಪುಣತನ ಮಾಡಿದರೆ ಏನ್ ಮರಿ, ಅಮ್ಮನ್ನ ಕೇಳ್ಕೊಂಡು ಬರ್ತೀಯಾ, ಇಡೀ ಮಾರ್ಕೆಟ್ಟು ಹೋ ಅನ್ನುತ್ತಿತ್ತು, ಮುದುಕ ಉರಿದುಕೊಂಡು ಮೂಟೆ ಎತ್ತಿಕೊಳ್ಳುತ್ತಿದ್ದ. ಒಂದು ದಿನ ನನ್ನನ್ನು ಮೂಟೆಗಳ ಮೇಲೆ ನಿಲ್ಲಿಸಿದ, ಕೂಗೋ, ನಾಳೆ ನನ್ನ ಜಾಗಕ್ಕೆ ಬರೋನು ನೀನು, ಕೂಗಿದೆ, ಸಣ್ಣ ದನಿ ಬಂತು, ಕೀ ಅಂತ, ಅಪ್ಪ ಎರಡು ಕೈ ಸೊಂಟಕ್ಕೆ ಕೊಟ್ಟು, ಇದೇನ್ರಪ್ಪೋ, ಮಗ ಹುಟ್ಟಿದ ಅಂದ್ಕೊಂಡಿದ್ದೆ, ಪೀಪಿ ಹುಟ್ಟಿದೆ — ಅಲ್ಲಿಂದ ನಾನು ಪೀಪಿ. ಲೇ ಪೀಪಿ ನೀರು ತಾ, ಲೇ ಪೀಪಿ ಬಾಗಿಲು ಹಾಕು, ಮದುವೆಗೆ ಕರೆಯಲು ಹೋದ ಮನೆಗಳಲ್ಲೂ ನಮ್ ಪೀಪಿ ಮದುವೆ, ಬನ್ನಿ, ಹೆಂಡತಿಯಾಗುವವಳು ಬಾಗಿಲ ಹಿಂದೆ ಬಾಯಿಗೆ ಸೆರಗು ಒತ್ತಿಕೊಂಡಿದ್ದಳಂತೆ. ಹಳದಿ ಕೋಟಿನ ಮೊದಲ ಸಿನಿಮಾಗೆ ಅವನನ್ನು ಕರೆದುಕೊಂಡು ಹೋಗಿದ್ದೆ, ಜನ ಶಿಳ್ಳೆ ಹೊಡೆಯುತ್ತಿದ್ದರು, ಈ ದನಿ ಯಾರದೋ, ಗಂಡಸಿನ ದನಿ ಅಂದ್ರೆ ಇದು ಎಂದ, ನಂದೇ ಎಂದೆ, ಮುಖ ನೋಡಿದ, ಸುಳ್ಳು ಬೊಗಳಬೇಡ ಪೀಪಿ ಎಂದು ಪರದೆಯ ಕಡೆಗೆ ತಿರುಗಿಕೊಂಡ. ಮಗಾ ಅನ್ನಲಿಲ್ಲ, ಅಪ್ಪಾ ರಾಜಾ ಅನ್ನಲಿಲ್ಲ, ದಾರಿಯಲ್ಲಿ ಹೋಗುವ ತರಕಾರಿ ಗಾಡಿಯವನನ್ನೂ ಬಾರಪ್ಪಾ ಕೂರಪ್ಪಾ ಅನ್ನುವ ಬಾಯಿ ಅದು, ನನಗೆ ಮಾತ್ರ ಒಂದು ಅಪ್ಪಾ ಹುಟ್ಟಲಿಲ್ಲ. ಅದು ನನಗೆ ಇವತ್ತಿಗೂ ಉರಿಯುತ್ತದೆ.

ಹೆಂಡತಿ ಅಕ್ಕನ ಮಗಳ ಹೆರಿಗೆಗೆಂದು ಹೋಗಿದ್ದು ಒಳ್ಳೆಯದೇ ಆಯಿತು. ಅವಳಿದ್ದರೆ ಮಾವ ಮಾವ ಎಂದು ಅವನ ಬಾಯಿ ತೆರೆಯುವ ಮುಂಚೆಯೇ ಲೋಟ ಹಿಡಿದುಕೊಂಡು ಓಡುತ್ತಾಳೆ, ಹಾಗಾದರೆ ದನಿ ಎಲ್ಲಿಂದ ಬರಬೇಕು, ಕೇಳಬೇಕಾದರೆ ಬೇಕು ಅನ್ನಿಸಬೇಕು. ಮೊದಲನೇ ದಿನ ನೀರಿನ ಜಗ್ಗನ್ನು ಕೈಗೆಟುಕದ ಕಡೆ ಸರಿಸಿಟ್ಟು ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತೆ, ಲೇ ಪೀಪಿ, ನೀರು, ದನಿ ಇನ್ನೂ ಗಟ್ಟಿಯಾಗಿತ್ತು, ಇದಲ್ಲ, ಇನ್ನೂ ಸ್ವಲ್ಪ ಇರಲಿ ಎಂದು ಪೇಪರ್ ಓದಿದೆ, ಅರ್ಧ ಪೇಪರ್ ಮುಗಿಯುವಷ್ಟರಲ್ಲಿ ಪದದ ಬಾಲ ಉದುರತೊಡಗಿತು, ನೀ, ನೀ, ಆಹಾ ಹೀಗೆ, ನಾನೂ ಬಾಯಲ್ಲೇ ಹೇಳಿಕೊಂಡೆ, ನೀ, ಆಮೇಲೆ ಕೊಟ್ಟೆ, ಕೊಡದೆ ಇರಲಿಲ್ಲ, ನಾನೇನು ರಾಕ್ಷಸನೇ. ಮಾರನೇ ದಿನ ಕೋಲು ಎತ್ತಿಟ್ಟೆ, ಗೋಡೆ ಹಿಡಿದು ಬರುವಾಗ ಪ್ರತಿ ಹೆಜ್ಜೆಗೂ ಒಂದು ಹ್ಞಾ ಬರುತ್ತದೆ, ಅದನ್ನು ಕಲಿತೆ. ಅದರ ಮಾರನೇ ದಿನ ರೂಮಿನ ದೀಪ ಆರಿಸಿ, ಯಾರು, ಯಾರದು ಎನ್ನುವುದನ್ನು ಕಲಿತೆ, ಹೆದರಿದ ಮುದುಕನ ದನಿ ಮಗುವಿನ ದನಿಗಿಂತ ಸಣ್ಣದು, ಪೀಪಿಗಿಂತ ಸಣ್ಣದು, ನಗು ಬಂತು. ಎಲ್ಲಾ ಸರಿಯಾಗಿ ನಡೀತಿದೆಯಾ, ಮಾವನಿಗೆ ಹೊತ್ತಿಗೆ ಸರಿಯಾಗಿ ಹಾಲು ಬ್ರೆಡ್ಡು ಕೊಡ್ತಿದೀರಾ ಎಂದು ಹೆಂಡತಿ ರಾತ್ರಿ ಫೋನು ಮಾಡಿದಳು, ಎಲ್ಲಾ ಚೆನ್ನಾಗಿದೆ, ಇಬ್ರೂ ಮಾತಾಡ್ಕೊಂಡಿದೀವಿ ಎಂದೆ. ಸುಳ್ಳೇನಲ್ಲ, ಹುಟ್ಟಿದಾಗಿನಿಂದ ಅಪ್ಪನ ಮಾತನ್ನು ನಾನು ಇಷ್ಟು ಗಮನ ಕೊಟ್ಟು ಕೇಳಿದ್ದು ಇದೇ ಮೊದಲು.

ಸಾರ್, ಐದು ನಿಮಿಷ ಬ್ರೇಕ್ ತಗೊಳ್ತೀರಾ, ಎಂದಳು ಡೈರೆಕ್ಟರಮ್ಮ, ಆಚೆ ಯಾರ ಹತ್ತಿರವೋ ತಾತ ಬರೋಕೆ ಎಷ್ಟು ಹೊತ್ತು ಬೇಕು ಅಂದಳು, ತನ್ನ ಮೈಕಿನ ಗುಂಡಿ ಒತ್ತಿಯೇ ಇದೆ ಅನ್ನುವುದು ಮರೆತಿದ್ದಾಳೆ, ಅಥವಾ ಮರೆತಿಲ್ಲ. ಬ್ರೇಕ್ ಬೇಡ ಎಂದೆ. ಬೇಡ. ಕಣ್ಣು ಮುಚ್ಚಿದರೆ ನಾಲ್ಕು ಬೆರಳು, ಬೆಳಗಿನಿಂದ ಇದೊಂದು, ಕಾಗದ ನೋಡಿದರೆ ಕಾಗದದ ಅಂಚಿನಲ್ಲಿ, ಗಾಜು ನೋಡಿದರೆ ಗಾಜಿನ ಕೆಳಗೆ. ಬೆಳಗ್ಗೆ ನಾನು ಬೂಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತು ನೀ, ಹ್ಞಾ, ಯಾರದು ಅಂತ ಒಪ್ಪಿಸುತ್ತಿದ್ದೆ, ಬಚ್ಚಲಿನಲ್ಲಿ ಧೊಪ್ ಅಂತ ಸದ್ದಾಯಿತು, ಆಮೇಲೆ ಬಕೆಟ್ಟು ಉರುಳಿದ್ದು, ಆಮೇಲೆ ಏನೂ ಇಲ್ಲ. ಹೋದೆ, ಹೋಗದೆ ಇರಲಿಲ್ಲ. ಬಚ್ಚಲ ಬಾಗಿಲು ಒಳಗೆ ತೆರೆಯುತ್ತದೆ, ಚಿಲಕ ಹಾಕಬೇಡಿ ಮಾವ ಎಂದು ಹೆಂಡತಿ ಚಿಲಕವನ್ನೇ ಕೀಳಿಸಿದ್ದಾಳೆ, ಅಂಗೈ ಇಟ್ಟು ತಳ್ಳಿದೆ, ಎರಡು ಬೆರಳಗಲ ಹೋಗಿ ಮೆತ್ತಗೆ ಏನಕ್ಕೋ ತಾಗಿ ವಾಪಸು ಬಂತು, ಅಪ್ಪನಿಗೇ ತಾಗಿದ್ದು, ಹೆಗಲು ಕೊಟ್ಟಿದ್ದರೆ ತೆರೆಯುತ್ತಿತ್ತು, ಏನು ಮಹಾ ತೂಕ ಅವನದು. ಆಗ ಒಳಗಿನಿಂದ ಬಂತು — ಅಪ್ಪಾ.

ಅಪ್ಪಾ, ಬಾರಪ್ಪಾ. ನನ್ನ ಕೈ ಬಾಗಿಲ ಮೇಲೇ ನಿಂತಿತು. ಪೀಪಿ ಅಲ್ಲ, ಲೇ ಅಲ್ಲ, ಅಪ್ಪಾ, ನನಗೆ, ಇಡೀ ಜನ್ಮದಲ್ಲಿ ಮೊದಲನೇ ಸಲ, ಎದೆಯಲ್ಲಿ ಏನೋ ಹಿಗ್ಗಿತು, ಹೌದು ಹಿಗ್ಗಿತು, ಯಾಕೆ ಮುಚ್ಚಿಡಬೇಕು, ಸಂತೋಷವೇ ಆಯಿತು, ಇನ್ನೊಂದು ಸಲ ಅನ್ನು ಅಂತ ಕಾದೆ, ತೆರೆದರೆ ಮತ್ತೆ ನಾನು ಪೀಪಿ, ಎದ್ದು ಕೂತ ಮರುಗಳಿಗೆ ಲೇ ಪೀಪಿ ಸೋಪು ಎಲ್ಲಿಟ್ಟಿದೀಯೋ ಅನ್ನುತ್ತಾನೆ, ನನಗೆ ಅವನು ಗೊತ್ತು. ಮತ್ತೆ ದನಿ, ಎಂಥಾ ದನಿ, ಉಸಿರು ಮುಂದೆ, ಪದ ಹಿಂದೆ, ಪದದ ಬಾಲ ನೀರಿನಲ್ಲಿ ಅದ್ದಿ ತೆಗೆದ ಹಾಗೆ, ವಾರದಿಂದ ಜಗ್ಗು ಸರಿಸಿ ಕೋಲು ಬಚ್ಚಿಟ್ಟು ನಾನು ಹುಡುಕುತ್ತಿದ್ದದ್ದು ತಾನಾಗಿ ಬಾಗಿಲಿಗೆ ಬಂದಿದೆ. ನಿಧಾನವಾಗಿ ಕುಕ್ಕರುಗಾಲಿನಲ್ಲಿ ಕೂತು ಕಿವಿ ಕೊಟ್ಟೆ. ಎರಡನೇ ಸಲ, ಅಪ್ಪಾ, ಈಗ ಬಾರಪ್ಪಾ ಇಲ್ಲ, ಬರೀ ಅಪ್ಪಾ, ಅರ್ಧ. ಬಾಗಿಲಿನ ಬುಡ ನೀರಿಗೆ ಕೊಳೆತಿದೆ ಅಂತ ಬಡಗಿ ಒಂದು ಅಂಗುಲ ಕೊಯ್ದುಹೋಗಿದ್ದ, ಆ ಸಂದಿಯಲ್ಲಿ ನಾಲ್ಕು ಬೆರಳು ಹೊರಗೆ ಬಂದವು, ಒದ್ದೆ, ಉಗುರು ಹಳದಿ, ಹೆಬ್ಬೆರಳು ಒಳಗೇ ಉಳಿದಿತ್ತು. ಆಮೇಲೆ ದನಿ ಬರಲಿಲ್ಲ. ಸ್ವಲ್ಪ ಕಾದೆ, ಸುಸ್ತಾಗಿರಬೇಕು, ಸುಧಾರಿಸಿಕೊಳ್ಳಲಿ, ಹತ್ತಕ್ಕೆ ಸ್ಟುಡಿಯೋ, ಬಾಯಲ್ಲಿರುವುದು ಆರಿಹೋಗುವ ಮುಂಚೆ ಮೈಕಿನ ಮುಂದೆ ಇರಬೇಕು, ಮಧ್ಯಾಹ್ನ ಬಂದು ಎಬ್ಬಿಸಿದರಾಯಿತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತಾ ಬಂದೆ, ಪಕ್ಕದವನು ಎದ್ದು ಬೇರೆ ಸೀಟಿಗೆ ಹೋದ.

ಬಂದವನು ಕಾಗದದಲ್ಲಿ ಬರೆದದ್ದನ್ನೇ ಹೇಳುತ್ತಿದ್ದೆನಲ್ಲ, ಮಗನೇ ಮಗನೇ ಎಂದು, ಎಂಥಾ ದಡ್ಡ, ಆ ದನಿ ಆ ಪದದ ಜೊತೆಗೇ ಬಂದದ್ದು, ಬೇರೆ ಪದಕ್ಕೆ ಹೇಗೆ ಅಂಟುತ್ತದೆ. ಒಂದು ನಿಮಿಷ ಎಂದೆ ಮೈಕಿಗೆ. ಮಗನೇ ಬೇಡ, ಅಪ್ಪಾ ಅಂತೀನಿ. ಅಪ್ಪಾನಾ, ಅವನು ಅಪ್ಪ, ಮೇಲಿರೋನು ಮಗ ಅಲ್ವಾ ಅಣ್ಣಾ, ಎಂದ ಸಂಭಾಷಣೆಯವನು. ನಮ್ಮೋರು ಮಗನ್ನೂ ಅಪ್ಪಾ ಅಂತ ತಾನೇ ಕರೆಯೋದು, ನಿಮ್ಮ ಮನೇಲಿ ಕರೆಯಲ್ವಾ, ಎಂದಳು ಡೈರೆಕ್ಟರಮ್ಮ ಅವನಿಗೆ, ಅವಳ ದನಿ ಬದಲಾಗಿತ್ತು, ತುಟಿ ನೋಡಿ, ತೆರೆದು ಮುಚ್ಚಿ ತೆರೆಯುತ್ತೆ, ಕೂರುತ್ತೆ, ಹೇಳಿ ಸಾರ್. ಕೆಂಪು ದೀಪ, ಹಳದಿ ಕೋಟು ಬಿದ್ದ, ನಾನು ಗಂಟಲನ್ನು ಹಾಗೇ ಬಿಟ್ಟುಬಿಟ್ಟೆ, ಉಸಿರು ಮುಂದೆ ಹೋಯಿತು, ಅಪ್ಪಾ, ಬಾರಪ್ಪಾ — ಗಾಜಿನ ಆಚೆ ಬಿಸ್ಕತ್ತಿನ ಸದ್ದು ನಿಂತಿತು. ಎರಡನೇದು, ಅರ್ಧ, ಅಪ್ಪಾ. ಹೆಡ್‌ಫೋನಿನಲ್ಲಿ ವಾಪಸು ಕೇಳಿದಾಗ ನನ್ನ ಮೈಯೇ ಜುಂ ಅಂದಿತು, ಅದು ನನ್ನ ದನಿಯಲ್ಲ, ಹಳದಿ ಕೋಟಿನದೂ ಅಲ್ಲ, ನಾಳೆ ಈ ಊರಿನ ಥಿಯೇಟರುಗಳಲ್ಲೆಲ್ಲ ಹರಾಜಿನವನು ಬಿದ್ದುಕೊಂಡು ಕರೆಯುತ್ತಾನೆ, ಜನ ಟಿಕೆಟ್ ತೆಗೆದುಕೊಂಡು ಕೇಳುತ್ತಾರೆ. ಡೈರೆಕ್ಟರಮ್ಮ ಕಣ್ಣು ಒರೆಸಿಕೊಂಡಳು, ಎಲ್ಲಿತ್ತು ಸಾರ್ ಇದು, ತಾತನಿಗೆ ಫೋನ್ ಮಾಡಿ ಬರಬೇಡ ಅನ್ನಿ ಎಂದಳು. ಗೆದ್ದೆ. ಇನ್ನು ಹಳದಿ ಕೋಟು ಸಾಯುವವರೆಗೂ ನಾನೇ.

ಹುಡುಗಾ, ಹೊರಗಡೆ ನಿನ್ನ ಫೋನು ಒಂದೇ ಸಮ ಹೊಡ್ಕೊಳ್ತಿದೆ ಅಂತ ಎತ್ತಿದೆ, ಎಂದ ಸೌಂಡ್ ಇಂಜಿನಿಯರು, ನನ್ನ ಜೊತೆಯವನು, ನಿನ್ನ ಹೆಂಡ್ತಿ, ಮನೆ ಫೋನು ಯಾರೂ ಎತ್ತುತ್ತಾ ಇಲ್ವಂತೆ, ಮಾವ ಎಲ್ಲಿ ಅಂತ ಕೇಳ್ತಿದಾಳೆ, ಲೈನಲ್ಲೇ ಇದಾಳೆ, ಹೋಗಿ ಮಾತಾಡ್ಕೊಂಡು ಬಾ, ಏನೂ ಅವಸರ ಇಲ್ಲ. ಡೈರೆಕ್ಟರಮ್ಮ ಗಡಿಯಾರ ನೋಡಿದಳು. ಇನ್ನು ಒಂದೇ ಒಂದು ಕರೆ ಬಾಕಿ, ಮೂರನೇದು, ಈಗ ಹೊರಗೆ ಹೋಗಿ ಬಂದರೆ ಗಂಟಲು ಆರಿ ಮತ್ತೆ ಇಪ್ಪತ್ತಾರಕ್ಕೆ ಹೋಗಿಬಿಡುತ್ತದೆ. ಮಲಗಿದಾರೆ ಅಂತ ಹೇಳು, ಎಂದೆ, ಮಾತಿಗೆ ಆಗಲೇ ಹಳೆಯ ಹುಡುಗುತನ ಬಂದುಬಿಟ್ಟಿತ್ತು. ಅವನು ಫೋನಿಗೆ ಅದನ್ನೇ ಹೇಳಿದ. ಸರಿ ಸಾರ್, ಮೂರನೇದು, ಎಂದಳು ಡೈರೆಕ್ಟರಮ್ಮ, ಇದರಲ್ಲಿ ಪದ ಇಲ್ಲ, ನೋಡಿ, ಬಾಯಿ ತೆರೀತಾರೆ, ದನಿ ಬರಲ್ಲ, ಬರೀ ಒಂದು ಉಸಿರು ಬೇಕು, ಪದ ಆಗದೇ ಇರೋ ಉಸಿರು. ಅಷ್ಟೇ ತಾನೇ. ಕೊಟ್ಟೆ. ಇದು ನಿಟ್ಟುಸಿರು ಸಾರ್. ಕೊಟ್ಟೆ. ಇದು ಸುಸ್ತು. ಕೊಟ್ಟೆ. ಇದು ನೋವು, ನೋವು ಬೇಡ. ಮೊದಲನೇ ಎರಡು ಎಲ್ಲಿಂದ ತಂದ್ರೋ ಇದನ್ನೂ ಅಲ್ಲಿಂದಲೇ ತನ್ನಿ ಸಾರ್.

ಅಲ್ಲಿಂದ. ಅಲ್ಲಿ ಮೂರನೇದು ಇರಲಿಲ್ಲಮ್ಮಾ, ಎರಡೇ, ಎರಡಾದ ಮೇಲೆ ಅವನು ಸುಮ್ಮನಾದ, ಉಸಿರು ಮುಗಿದು ಸುಮ್ಮನಾದ ಅಂತ ನಾನು ಎದ್ದು ಬಂದೆ — ಉಸಿರು ಮುಗಿದಿತ್ತೇ, ಮುಗಿದಿರಲಿಲ್ಲ, ಕಿವಿ ಕೊಟ್ಟಿದ್ದೆನಲ್ಲ, ಒಳಗೆ ಉಸಿರು ಆಡುತ್ತಿತ್ತು, ಚೆನ್ನಾಗೇ ಆಡುತ್ತಿತ್ತು, ಇನ್ನೊಂದು ಅಪ್ಪಾಗೆ ಸಾಕಾಗುವಷ್ಟು ಇತ್ತು, ಮತ್ಯಾಕೆ ಕರೆಯಲಿಲ್ಲ, ಮಾರ್ಕೆಟ್ಟಿನಲ್ಲಿ ಮಾಲು ಹೋಗುವವರೆಗೂ ಕೂಗುವುದು ಬಿಡದವನು, ಬೆರಳು ಹೊರಗೆ ಬಂದವು, ನೆಲ ತಡವಿದವು, ಅಲ್ಲಿ ಏನಿತ್ತು, ನೆಲ, ನೀರು, ಆಮೇಲೆ — ನನ್ನ ಬೂಟು. ಬೂಟಿನ ತುದಿ ಮುಟ್ಟಿದವು. ಮುಟ್ಟಿ ಅಲ್ಲೇ ನಿಂತವು, ಚರ್ಮವನ್ನು, ಹೊಲಿಗೆಯನ್ನು, ಜೋತ ಲೇಸಿನ ತುದಿಯನ್ನು ಒಂದೊಂದಾಗಿ ಮುಟ್ಟಿ ನೋಡಿದವು, ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ, ಸದ್ದಾಗದ ಹಾಗೆ, ಆಮೇಲೆ ಅವನು ಕರೆಯಲಿಲ್ಲ. ಗೊತ್ತಾಗಿಹೋಯಿತು ಅವನಿಗೆ, ನಾನು ಅಲ್ಲೇ ಇದ್ದೇನೆ ಅಂತ. ಅಲ್ಲೇ ಇರುವವನನ್ನು ಯಾರಾದರೂ ಯಾಕೆ ಕರೆಯುತ್ತಾರೆ. ರೆಡಿ ಸಾರ್, ಎಂದಳು, ಕೆಂಪು ದೀಪ, ಹಳದಿ ಕೋಟು ಬಾಯಿ ತೆರೆದ, ನಾನೂ ತೆರೆದೆ, ಏನೂ ಬರಲಿಲ್ಲ, ಏನೂ ಬರಲಿಲ್ಲ, ಹಾಗೇ ಇರಿ ಸಾರ್ ಇದೇ ಇದೇ ಎನ್ನುತ್ತಿದ್ದಾಳೆ ಯಾರೋ, ಬೆರಳು ಒಳಗೆ ಎಳೆದುಕೊಂಡೆಯಾ ಅಪ್ಪಾ, ನಾನು ಮನೆ ಬಾಗಿಲು ಹಾಕಿಕೊಂಡು ಬರುವಾಗ ತಿರುಗಿ ನೋಡಿದೆ, ಎಳೆದುಕೊಂಡಿರಲಿಲ್ಲ, ಬೂಟು ಇದ್ದ ಜಾಗದಲ್ಲಿ, ಒದ್ದೆ ನೆಲದ ಮೇಲೆ, ನಾಲ್ಕು ಬೆರಳು, ನಾಲ್ಕು ಬೆರಳು ಹಾಗೇ, ನಾಲ್ಕು ಬೆರಳು